ಕಲಂ 30 ಮತ್ತು ಮಾಂಜ್ರಾ ದಂಡೆಯ ಕೊಟ್ಟಿಗೆ

ಬೆಳಗಿನ ಒಂಬತ್ತಕ್ಕೆ ಮುಂಚೆಯೇ ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮುಂದೆ ಟಂಟಂಗಳು ಬಂದು ನಿಂತಿರುತ್ತವೆ. ಹಿಂದಿನ ಡಬ್ಬಿಯಲ್ಲಿ ಜೋಳದ ಕಣಿಕೆ ಹಾಸಿ, ಹಗ್ಗ ಬಿಗಿದು ನಿಲ್ಲಿಸಿದ ಆಕಳು. ದಾರಿಯುದ್ದಕ್ಕೂ ಅದರ ಕೊಂಬು ಹಿಡಿದೇ ಬಂದ ಯಜಮಾನ. ಅವನ ತಲೆಯ ಟಾವೆಲ್ಲಿನ ಮೇಲೂ ಆಕಳಿನ ರೆಪ್ಪೆಯ ಮೇಲೂ ಬೀದರಿನ ಕೆಮ್ಮಣ್ಣಿನ ಧೂಳು ಕೂತಿದೆ. ಇಳಿಸಲು ನಾಲ್ಕು ಮಂದಿ ಬೇಕು. ಇಬ್ಬರು ಬಾಲದ ಕಡೆ, ಒಬ್ಬ ಮೂಗುದಾರಕ್ಕೆ, ಇನ್ನೊಬ್ಬ ಹಲಗೆ ಜಾರದಂತೆ ಕಾಲು ಕೊಟ್ಟು. ಕಬ್ಬಿಣದ ಪೈಪುಗಳ ಚೌಕಟ್ಟಿನೊಳಗೆ ಆಕಳು ನಿಂತು, ಹಿಂದೆ ಅಡ್ಡಪಟ್ಟಿ ಬಿದ್ದ ಮೇಲೆ ಎಲ್ಲರೂ ಒಮ್ಮೆ ಉಸಿರು ಬಿಡುತ್ತಾರೆ.

“ಡಾಕ್ಟ್ರೇ, ನಿನ್ನಿ ಸಂಜೀಲಿಂದ ಮೇವಿಗಿ ಬಾಯೇ ಹಾಕಿಲ್ರೀ.”

“ನೀರು ಕುಡಿಲತ್ತದೇನ್ರಿ ಕಾಕಾ? ಮೆಲುಕು?”

“ಮೆಲುಕೂ ಇಲ್ಲ. ಊರಾಗೇ ಸೂಜಿ ಹಾಕ್ಸೀವಿ. ಎರಡು ಹಾಕ್ಯಾರ.”

“ಯಾವ ಸೂಜಿ? ಚೀಟಿ ಅದ?”

ಚೀಟಿ ಇಲ್ಲ. ಹಾಕಿದವರು ಯಾರೆಂದರೆ “ನಮ್ಮ ಕಡಿ ಡಾಕ್ಟ್ರು” ಎಂಬ ಉತ್ತರ. ಅವರು ಪದವಿ ಪಡೆದ ಪಶುವೈದ್ಯರೋ, ಇಲಾಖೆಯ ಪಶುವೈದ್ಯಕೀಯ ಪರೀಕ್ಷಕರೋ, ಡೇರಿಯ ಕೃತಕ ಗರ್ಭಧಾರಣೆ ಕಾರ್ಯಕರ್ತರೋ, ಔಷಧ ಅಂಗಡಿಯಲ್ಲಿ ನಿಂತು ಕೆಲಸ ಕಲಿತವರೋ, ಯಜಮಾನನಿಗೆ ಆ ಭೇದ ತಿಳಿದಿಲ್ಲ. ಹೊತ್ತಿಗೆ ಬಂದವರೇ ಡಾಕ್ಟ್ರು. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಆಕಳಿನ ಎಡಪಕ್ಕೆಯ ಕುಳಿಗೆ ಮುಷ್ಟಿ ಒತ್ತಿ ಗಡಿಯಾರ ನೋಡುತ್ತಾಳೆ. ಆರೋಗ್ಯವಾಗಿರುವ ಆಕಳಿನ ಹೊಟ್ಟೆ ಎರಡು ನಿಮಿಷದಲ್ಲಿ ಎರಡು ಮೂರು ಸಲವಾದರೂ ಕೈಗೆ ಎದ್ದು ಬರಬೇಕು. ಇಲ್ಲಿ ಒಮ್ಮೆಯೂ ಇಲ್ಲ. ಹೊಟ್ಟೆಯ ಲೆಕ್ಕ ಅವಳಿಗೆ ಸುಲಭ. ಕಷ್ಟವಾಗಿರುವುದು ನಿನ್ನೆ ಮೈಯೊಳಗೆ ಹೋದ ಎರಡು ಔಷಧಗಳ ಹೆಸರು. ಅದು ಗೊತ್ತಿಲ್ಲದೆ ಮುಂದಿನ ಔಷಧ ಬರೆಯುವುದು ಹೇಗೆ? ಈ ಆಕಳಿನ ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದು ಎಂದು ಹೇಳುವುದಾದರೂ ಹೇಗೆ?

ಆ ಇಲ್ಲದ ಚೀಟಿಯ ಬೆನ್ನು ಹತ್ತಿ ಹೋದರೆ ನಲವತ್ತು ವರ್ಷ ಹಳೆಯ ಒಂದು ಕಾಯ್ದೆಯ ಮುಂದೆ ಹೋಗಿ ನಿಲ್ಲುತ್ತೇವೆ.

ನಂದಿನಗರದ ಈ ಆವರಣವೇ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ. 2004ರ ಕಾಯ್ದೆಯಿಂದ ಹುಟ್ಟಿದ್ದು. ಬೆಂಗಳೂರು, ಹಾಸನ, ಶಿವಮೊಗ್ಗದ ಪಶುವೈದ್ಯ ವಿದ್ಯಾರ್ಥಿಗಳ ಪದವಿಪತ್ರದ ಮೇಲೂ ಬೀದರಿನ ಮೊಹರು ಬೀಳುತ್ತದೆ. ರಾಜ್ಯದ ತುತ್ತತುದಿಯ ಜಿಲ್ಲೆಗೆ ಇದು ಸಣ್ಣ ಗೌರವವಲ್ಲ. ಪದವಿಯ ದಾರಿ ನೇರವಾಗಿದೆ. ಭಾರತೀಯ ಪಶುವೈದ್ಯಕೀಯ ಪರಿಷತ್ತಿನ 2016ರ ನಿಯಮದಂತೆ ಐದೂವರೆ ವರ್ಷದ ಓದು, ಅದರಲ್ಲಿ ಕೊನೆಯ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ಆಮೇಲೆ ಬೆಂಗಳೂರಿನ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ, ಒಂದು ನೋಂದಣಿ ಸಂಖ್ಯೆ, ಐದು ವರ್ಷಕ್ಕೊಮ್ಮೆ ನವೀಕರಣ. ವೃತ್ತಿಯ ನಡತೆಗೆ 1992ರ ನೀತಿಸಂಹಿತೆ. ತಪ್ಪು ಮಾಡಿದರೆ ದೂರು ಕೊಡಲು ಒಂದು ಜಾಗವಿದೆ, ಹೆಸರು ತೆಗೆದುಹಾಕುವ ಅಧಿಕಾರವೂ ಇದೆ.

ಇದೇ ವಿಶ್ವವಿದ್ಯಾಲಯದ ಅಡಿಯಲ್ಲಿ ಹಾವೇರಿ ಜಿಲ್ಲೆಯ ಶಿಗ್ಗಾಂವಿ, ತಿಪಟೂರು ಬಳಿಯ ಕೋನೇಹಳ್ಳಿಯಂಥ ಕಡೆ ಪಶುಸಂಗೋಪನೆ ಪಾಲಿಟೆಕ್ನಿಕ್‌ಗಳಿವೆ. ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರು ಅಲ್ಲಿ ಡಿಪ್ಲೊಮಾ ಓದುತ್ತಾರೆ. ಲಸಿಕೆಯ ಪೆಟ್ಟಿಗೆ ಹೊರುವವರು, ಗಾಯಕ್ಕೆ ಔಷಧ ಹಚ್ಚುವವರು, ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವವರು ಹೆಚ್ಚಾಗಿ ಇವರೇ. ಆದರೆ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ನೋಂದಣಿ ಪುಸ್ತಕದಲ್ಲಿ ಇವರಿಗೆ ಪುಟವಿಲ್ಲ. ಇರುವುದು ಕಲಂ 30ರಲ್ಲಿ ಒಂದು ಪರಂತುಕ ಮಾತ್ರ. ನೋಂದಾಯಿತ ಪಶುವೈದ್ಯರಲ್ಲದೆ ಬೇರೆ ಯಾರೂ ಪ್ರಾಣಿಗಳಿಗೆ ಚಿಕಿತ್ಸೆ ನೀಡುವಂತಿಲ್ಲ ಎಂದು ಆ ಕಲಂ ಹೇಳುತ್ತದೆ. ಹಾಗೆ ಹೇಳಿ, ಡಿಪ್ಲೊಮಾ ಅಥವಾ ಪ್ರಮಾಣಪತ್ರ ಇರುವ ಸಹಾಯಕರಿಗೆ ರಾಜ್ಯ ಸರ್ಕಾರ ಆದೇಶದ ಮೂಲಕ ಅನುಮತಿ ಕೊಡಬಹುದು ಎನ್ನುತ್ತದೆ. ನೋಂದಾಯಿತ ವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಅವರು ‘ಸಣ್ಣ ಪಶುವೈದ್ಯ ಸೇವೆ’ ಮಾಡಬಹುದು. ಸಣ್ಣ ಸೇವೆ ಎಂದರೆ ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯ ಕಟ್ಟುವುದು, ಇಂಥ ಪ್ರಥಮೋಪಚಾರ. ಇನ್ನು ಯಾವ ಕಾಯಿಲೆಗೆ ಕೈ ಹಚ್ಚಬಹುದು ಎಂಬುದನ್ನು ರಾಜ್ಯವೇ ಅಧಿಸೂಚನೆಯಲ್ಲಿ ಹೆಸರಿಸಬೇಕು.

ಈ ನಾಲ್ಕಾರು ಸಾಲುಗಳ ಮೇಲೆ ಬೀದರ್ ಜಿಲ್ಲೆಯ ಅಷ್ಟೂ ಕೊಟ್ಟಿಗೆಗಳು ನಿಂತಿವೆ.

ಬೀದರಿನಿಂದ ಭಾಲ್ಕಿ ನಲವತ್ತು ಕಿಲೊಮೀಟರಿನ ಆಸುಪಾಸು. ಕೆಮ್ಮಣ್ಣು ಮುಗಿದು ಕರಿಮಣ್ಣು ಶುರುವಾಗುವ ದಾರಿ ಅದು. ತೊಗರಿ, ಸೋಯಾ, ನಡುವೆ ಕಾರಂಜಾ ಜಲಾಶಯದ ನೀರು ಕಂಡ ಕಡೆ ಕಬ್ಬು. ಇದು ದೇವಣಿ ದನಗಳ ಸೀಮೆ. ಹಳಬರು ಈ ತಳಿಯನ್ನೇ ಡೋಂಗರಪಟ್ಟಿ ಎನ್ನುತ್ತಾರೆ. ಮೈಯೆಲ್ಲ ಬಿಳಿ, ಮುಖದ ಎರಡೂ ಬದಿ ಕಪ್ಪಿದ್ದರೆ ವಾನೆರಾ. ಬಿಳಿ ಮೈಯ ಕೆಳಭಾಗದಲ್ಲಿ ಕರಿಚುಕ್ಕೆಯಿದ್ದರೆ ಬಾಲಂಕ್ಯಾ. ಮೈತುಂಬ ಹೇಗೆಂದರೆ ಹಾಗೆ ಕರಿಮಚ್ಚೆ ಚೆಲ್ಲಿದ್ದರೆ ಶೇವೆರಾ. ಭಾಲ್ಕಿ ತಾಲ್ಲೂಕಿನ ಕಟ್ಟಿ ತೂಗಾಂವ್‌ನಲ್ಲಿ ವಿಶ್ವವಿದ್ಯಾಲಯದ ದೇವಣಿ ಕೇಂದ್ರವಿದೆ. ಅಲ್ಲಿನ ಆಕಳುಗಳ ಸಾಲು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಭಾಲ್ಕಿ ಕಡೆಯ ಒಂದು ಊರಿನ ಹನುಮಂತ ದೇವರ ಗುಡಿಯ ಮುಂದೆ ಬೇವಿನ ಮರಕ್ಕೆ ಹೋರಿ ಕಟ್ಟಿದ್ದಾರೆ. ಬಿತ್ತನೆಗೆ ಮುಂಚೆ ಅದನ್ನು ಎತ್ತು ಮಾಡಬೇಕು. ಡಿಪ್ಲೊಮಾ ಓದಿದ ಪಶುವೈದ್ಯಕೀಯ ಪರೀಕ್ಷಕರು ಚೀಲದಿಂದ ಉದ್ದ ಹಿಡಿಕೆಯ ಇಕ್ಕಳ ತೆಗೆಯುತ್ತಾರೆ. ಚರ್ಮ ಹರಿಯದೆ ಒಳಗಿನ ನಾಳವನ್ನಷ್ಟೇ ಜಜ್ಜುವ ಬರ್ಡಿಜೊ. ನಾಲ್ಕು ಜನ ಹೋರಿಯನ್ನು ಕೆಡವಿ, ಕಾಲು ಬಿಗಿದು, ಕೊಂಬಿನ ಮೇಲೆ ಮೊಣಕಾಲೂರಿದ್ದಾರೆ. ಇಕ್ಕಳ ಮುಚ್ಚುವಾಗ ‘ಕಟ್’ ಎಂಬ ಸದ್ದು. ಹೋರಿಯ ಕಣ್ಣಿನ ಬಿಳಿಭಾಗವೆಲ್ಲ ಹೊರಗೆ. ಎರಡನೆಯ ಕಡೆಗೂ ಅದೇ. 1984ರ ಕಾಯ್ದೆ ಇದನ್ನು ಸಣ್ಣ ಸೇವೆಯ ಪಟ್ಟಿಯಲ್ಲಿ ಗಾಯ ಕಟ್ಟುವುದರ ಪಕ್ಕದಲ್ಲೇ ಇಟ್ಟಿದೆ; ನೋವು ನಿವಾರಣೆಯ ಬಗ್ಗೆ ಆ ಕಲಮಿನಲ್ಲಿ ಒಂದು ಮಾತೂ ಇಲ್ಲ. ಇದು ಸಣ್ಣ ಸೇವೆ ಎಂದು ನನ್ನ ಮನಸ್ಸು ಒಪ್ಪುವುದಿಲ್ಲ. ಮಾಡುವ ಕೈ ಡಿಪ್ಲೊಮಾದವರದೇ ಇರಲಿ, ಅದರಲ್ಲಿ ಅವರು ಪಳಗಿದವರು. ಆದರೆ ಮರಗಟ್ಟಿಸುವ ಸೂಜಿ ಮೊದಲು, ಇಕ್ಕಳ ಆಮೇಲೆ ಎಂಬುದು ಅವರ ಕರುಣೆಗೆ ಬಿಟ್ಟ ವಿಷಯವಾಗದೆ ಪ್ರತಿ ಕೊಟ್ಟಿಗೆಯಲ್ಲೂ ತಪ್ಪದೆ ನಡೆಯಬೇಕು. ಆ ಔಷಧ ಅವರ ಚೀಲದಲ್ಲಿರಲು ಕಾನೂನಿನ ಒಪ್ಪಿಗೆಯೂ ಬೇಕು.

ಪಟ್ಟಿಯ ಮೊದಲ ಹೆಸರು ಲಸಿಕೆ. ಅದೂ 1984ರ ಲಸಿಕೆಯಾಗಿ ಉಳಿದಿಲ್ಲ. 2019ರಲ್ಲಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಬೇನೆಯ ಲಸಿಕೆ ಮನೆಮನೆಗೆ ಬರುತ್ತದೆ. ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ, ಆ ಅಂಕಿ ಮೊಬೈಲಿನಲ್ಲಿ ದಾಖಲು, ಐಸ್ ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿ ತಪ್ಪದಂತೆ ಕಾಯಬೇಕಾದ ಬಾಟಲಿ. ಅದೇ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಬ್ರುಸೆಲ್ಲಾ ಲಸಿಕೆ. ಇದು ಜೀವಂತ ರೋಗಾಣುವಿನ ಲಸಿಕೆ. ಕರು ಒದ್ದು ಸೂಜಿ ತನ್ನ ಬೆರಳಿಗೇ ಚುಚ್ಚಿದರೆ, ಹನಿ ಕಣ್ಣಿಗೆ ಸಿಡಿದರೆ, ಹಾಕುವವನಿಗೇ ರೋಗ ಹತ್ತಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ತಿಂಗಳುಗಟ್ಟಲೆ ಸುಸ್ತು. ಕಂದು ಹಾಕಿದ ಎಮ್ಮೆಯ ಸತ್ತೆ ತೆಗೆಯುವ ಕೈಗೂ ಇದೇ ಅಪಾಯ. ವೃತ್ತಿಯ ನಿಯಮ ಎಂದರೆ ಯಾರು ಏನು ಮಾಡಬಾರದು ಎಂಬುದಷ್ಟೇ ಅಲ್ಲ. ಕೈಗವಸು, ಕನ್ನಡಕ ಇಲ್ಲದೆ ಈ ಸೂಜಿ ಹಿಡಿಸಬಾರದು, ಚುಚ್ಚಿಕೊಂಡರೆ ಆ ದಿನವೇ ದಾಖಲಾಗಬೇಕು, ಚಿಕಿತ್ಸೆಯ ಹೊಣೆ ಕಳುಹಿಸಿದವರದು ಎಂದೂ ಅದರಲ್ಲಿ ಇರಬೇಕು.

ಔರಾದಕ್ಕೆ ಬಂದರೆ ದಾರಿ ಇನ್ನೂ ಉದ್ದವಾಗುತ್ತದೆ. ಊರಿನ ಗುರುತು ಅಮರೇಶ್ವರ ಗುಡಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ, ನಡುವೆ ಮಾಂಜ್ರಾ ನದಿ. ತಾಂಡಾಗಳಲ್ಲಿ ಲಂಬಾಣಿ, ಊರಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಉರ್ದು. ಜಾನುವಾರಿಗೆ ಮೂರೂ ರಾಜ್ಯದ ಸಂತೆ ಗೊತ್ತು.

ಒಂದು ತಾಂಡಾದಲ್ಲಿ ದಿನ ತುಂಬಿದ ಎಮ್ಮೆ ಬೆಳಗಿನಿಂದ ಎದ್ದು ಕೂತು ಮಾಡುತ್ತಿದೆ. ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತದೆ, ಬಾಲ ಎತ್ತುತ್ತದೆ, ನೀರ್ಚೀಲ ಮಾತ್ರ ಕಾಣುತ್ತಿಲ್ಲ. ಬೈಕಿನ ಮೇಲೆ ಪರೀಕ್ಷಕ ಬಂದಾಗ ಬಿಸಿಲು ಏರಿತ್ತು. ವಯಸ್ಸು ಮೂವತ್ತರ ಒಳಗೆ, ಹಿಂದಿನ ಸೀಟಿಗೆ ಕಟ್ಟಿದ ಸಾರಜನಕದ ಜಾಡಿ. ಅದರೊಳಗೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ವೀರ್ಯದ ಕಡ್ಡಿಗಳು. ಬೆಳಿಗ್ಗೆ ಬೆದೆಗೆ ಬಂದ ಎರಡು ಆಕಳು ನೋಡಿಕೊಂಡು ನೇರವಾಗಿ ಇಲ್ಲಿಗೇ ಬಂದಿದ್ದ.

“ಯಾವಾಗಿಂದ ತ್ರಾಸ ಮಾಡ್ಲತ್ತದ ಅವ್ವಾ?”

“ಕೋಳಿ ಕೂಗೂ ಹೊತ್ತಿಂದ ಸಾಹೇಬ. ಮ್ಯಾಲಿನ ಸಲ ಹಿಂಗ ಆಗಿದ್ದಿಲ್ಲ.”

ಬಕೆಟ್ಟಿನಲ್ಲಿ ನೀರು, ಸಾಬೂನು. ತೋಳುದ್ದದ ಕೈಗವಸು ಹಾಕಿ ಒಳಗೆ ಕೈಯಿಟ್ಟ. ಮಣಿಕಟ್ಟು ದಾಟಿದ್ದೇ ಕೈ ನಿಂತಿತು. ಒಳಗಿನ ಗೋಡೆ ಬಲಕ್ಕೆ ಹೊಸೆದ ಹಗ್ಗದ ಹಾಗೆ ಸುತ್ತಿಕೊಂಡಿದೆ. ಗರ್ಭಚೀಲ ತಿರುಚಿದೆ. ಎಮ್ಮೆಗಳಲ್ಲಿ ಇದು ಅಪರೂಪವಲ್ಲ. ಬಾಯಿ ಬಿಗಿದ ಚೀಲದಿಂದ ಕರು ಹೊರಬರಲು ದಾರಿಯಿಲ್ಲ, ರಕ್ತದ ಹರಿವು ಕಡಿಮೆಯಾದಷ್ಟೂ ಕರುವಿಗೆ ಹೊತ್ತು ಕಡಿಮೆ. ಅವನು ಎದ್ದು ನಿಂತು ಫೋನ್ ಹಚ್ಚಿದ.

ಡಾಕ್ಟರು ತಾಲ್ಲೂಕಿನ ಇನ್ನೊಂದು ಮೂಲೆಯಲ್ಲಿದ್ದರು. ಅಲ್ಲೊಂದು ಆಕಳು ಸತ್ತಿದೆ. ಪರಿಹಾರಕ್ಕೆ ಮರಣೋತ್ತರ ಪರೀಕ್ಷೆ ಆಗಬೇಕು, ಅದಕ್ಕೆ ನೋಂದಾಯಿತ ವೈದ್ಯರ ಸಹಿಯೇ ಬೇಕು. ತಮ್ಮ ಆಸ್ಪತ್ರೆಯ ಜೊತೆ ಇನ್ನೊಂದರ ಪ್ರಭಾರವೂ ಅವರ ಮೇಲಿದೆ. “ಬರ್ಲತ್ತೀನಿ, ಎಮ್ಮಿ ಮಲಗ್ಲಾರ್ದಂಗ ನೋಡ್ಕೊ” ಎಂದರು. ಬಂದು ಮುಟ್ಟಲು ಎರಡು ತಾಸಿಗೂ ಮೇಲಾಯಿತು.

ಮುಂದಿನ ಕೆಲಸ ಕಣ್ಣಿಗೆ ಕಟ್ಟುವಂಥದು. ಎಮ್ಮೆಯನ್ನು ತಿರುಚಿದ ಬದಿಗೇ, ಬಲಮಗ್ಗುಲಿಗೆ ಕೆಡವಿದರು. ಮುಂಗಾಲಿಗೊಂದು ಹಗ್ಗ, ಹಿಂಗಾಲಿಗೊಂದು. ತಾಂಡಾದ ಯಾರದೋ ಮನೆಯಿಂದ ಉದ್ದನೆಯ ಹಲಗೆ ಬಂತು. ಅದರ ಒಂದು ತುದಿ ನೆಲಕ್ಕೆ, ನಡುಭಾಗ ಎಮ್ಮೆಯ ಪಕ್ಕೆಯ ಮೇಲೆ. ಹಲಗೆಯ ಮೇಲೆ ಪರೀಕ್ಷಕನೇ ಹತ್ತಿ ನಿಂತ, ಒಳಗಿನ ಚೀಲ ಅಲುಗದಂತೆ ಒತ್ತಿ ಹಿಡಿಯಲು. ಡಾಕ್ಟರು ‘ಹಾ’ ಎಂದದ್ದೇ ಹತ್ತು ಕೈಗಳು ಹಗ್ಗ ಎಳೆದವು. ಎಮ್ಮೆಯ ಮೈ ಬೆನ್ನ ಮೇಲಿಂದ ಉರುಳಿ ಎಡಕ್ಕೆ ಬಿತ್ತು. ಕೈಯಿಟ್ಟು ನೋಡಿದರು, ಅರ್ಧ ಬಿಚ್ಚಿದೆ. ಇನ್ನೊಮ್ಮೆ. ಎರಡನೆಯ ಸಲಕ್ಕೆ ದಾರಿ ತೆರೆದು, ತಡೆದಿದ್ದ ನೀರೆಲ್ಲ ಒಮ್ಮೆಗೇ ನುಗ್ಗಿತು. ಕರು ಸತ್ತಿತ್ತು. ಎಮ್ಮೆ ಉಳಿಯಿತು. ಲಕ್ಷದ ಹತ್ತಿರದ ಎಮ್ಮೆ, ಆ ಮನೆಗೆ ಅದೇ ಹೊಲ, ಅದೇ ಬ್ಯಾಂಕು. ಮುದುಕಿ ಡಾಕ್ಟರ ಕೈ ಹಿಡಿದು ಹಣೆಗೊತ್ತಿಕೊಂಡಳು.

ಕೈ ತೊಳೆಯುವಾಗ ಪರೀಕ್ಷಕ ಕೇಳಿದ: “ಸರ್, ನಿಮ್ಮ ಜೋಡಿ ಇದನ್ನ ಮೊದ್ಲೂ ಮಾಡೀನಿ. ಮುಂಜಾನೆನೇ ನಾ ಉಳ್ಳಿಸಿದ್ರ ಕರ ಉಳೀತಿತ್ತೇನೊ.”

“ಉಳೀತಿತ್ತು. ಇಲ್ಲಾ ಚೀಲ ಹರಿದು ಎಮ್ಮಿನೂ ಹೋಗ್ತಿತ್ತು. ಹೋದ್ರ ಯಾರ ಮ್ಯಾಲ? ನಾ ಫೋನಿನಾಗ ‘ಮಾಡು’ ಅಂದಿದ್ರ ನನ್ನ ಮ್ಯಾಲೋ, ನಿನ್ನ ಮ್ಯಾಲೋ?”

ಇದಕ್ಕೆ ಕಲಂ 30ರ ಮಾತಿನಲ್ಲಿ ಉತ್ತರವಿಲ್ಲ. ಗರ್ಭಚೀಲದ ತಿರುಚು ಲಸಿಕೆಯಲ್ಲ, ಬೀಜ ಒಡೆಯುವುದಲ್ಲ, ಗಾಯವೂ ಅಲ್ಲ. ‘ಮೇಲ್ವಿಚಾರಣೆ ಮತ್ತು ನಿರ್ದೇಶನ’ ಎಂದರೆ ವೈದ್ಯರು ಪಕ್ಕದಲ್ಲಿ ನಿಂತಿರಬೇಕೋ, ತಾಲ್ಲೂಕಿನಲ್ಲಿದ್ದರೆ ಸಾಕೋ, ಫೋನಿನಲ್ಲಿದ್ದರೂ ನಡೆಯುವುದೋ ಎಂದು ಕಲಂ ಬಿಡಿಸಿ ಹೇಳುವುದಿಲ್ಲ. 1984ರಲ್ಲಿ, ನೀತಿಸಂಹಿತೆ ಬಂದ 1992ರಲ್ಲೂ, ಈ ದೇಶದಲ್ಲಿ ಮೊಬೈಲೇ ಇರಲಿಲ್ಲ. ಮನುಷ್ಯರ ವೈದ್ಯಕೀಯಕ್ಕೆ 2020ರ ಮಾರ್ಚ್‌ನಲ್ಲಿ ದೂರವೈದ್ಯ ಮಾರ್ಗಸೂಚಿ ಬಂತು. ಯಾರ ಜೊತೆ ವಿಡಿಯೊದಲ್ಲಿ ಮಾತಾಡಿ ಯಾವ ಔಷಧ ಬರೆಯಬಹುದು, ಯಾವುದನ್ನು ಬರೆಯಬಾರದು ಎಂದು ಅದರಲ್ಲಿ ಪಟ್ಟಿಯೇ ಇದೆ. ಕೊಟ್ಟಿಗೆಯ ಮುಂದೆ ನಿಂತ ಪರೀಕ್ಷಕನಿಗೂ, ನಲವತ್ತು ಕಿಲೊಮೀಟರ್ ದೂರದ ಡಾಕ್ಟರಿಗೂ ಅಷ್ಟೇ ಸ್ಪಷ್ಟವಾದ ಒಂದು ಪುಟ ಬೇಕು.

ಕಾಯ್ದೆಯ ಮಾತು ಅಕ್ಷರಶಃ ಪಾಲನೆಯಾಗುವ ಜಾಗವೊಂದನ್ನು ಇದೇ ರಸ್ತೆಗಳಲ್ಲಿ ನೋಡಬಹುದು: 1962 ಸಹಾಯವಾಣಿಯ ಬಿಳಿ ಗಾಡಿ. ಔರಾದ್ ಶಾಸಕ ಪ್ರಭು ಚವ್ಹಾಣ್ ಪಶುಸಂಗೋಪನಾ ಸಚಿವರಾಗಿದ್ದ ಕಾಲದಲ್ಲಿ, 2022ರಲ್ಲಿ, ಕೇಂದ್ರದ ಯೋಜನೆಯಡಿ ರಾಜ್ಯಕ್ಕೆ ಬಂದ ಸಂಚಾರಿ ಪಶು ಚಿಕಿತ್ಸಾ ವಾಹನಗಳಿವು. ಲಕ್ಷ ಜಾನುವಾರಿಗೆ ಒಂದು ಗಾಡಿ ಎಂಬ ಲೆಕ್ಕ. ಅದರಲ್ಲಿ ಒಬ್ಬ ಪಶುವೈದ್ಯ, ಒಬ್ಬ ಸಹಾಯಕ, ಒಬ್ಬ ಚಾಲಕ. ವೈದ್ಯರೂ ಸಹಾಯಕರೂ ಒಂದೇ ಸೀಟಿನಲ್ಲಿ ಕೂತು ಬಂದು, ಒಂದೇ ಕೊಟ್ಟಿಗೆಯಲ್ಲಿ ಕೆಲಸ ಮಾಡುವುದು ಇಲ್ಲಿ. ಚೆನ್ನಾಗಿ ನಡೆಯುತ್ತದೆ ಎಂದು ಜನ ಹೊಗಳುತ್ತಾರೆ. ಆದರೆ ಲಕ್ಷಕ್ಕೊಂದು ಗಾಡಿ ಎಂದರೆ ಉಳಿದ ಹೊತ್ತು ಬೈಕಿನವನೇ ಗತಿ. ಇತ್ತೀಚೆಗೆ ಅವನ ಜೊತೆ ಊರಿನ ಹೆಣ್ಣುಮಕ್ಕಳೇ ಆದ ಪಶು ಸಖಿಯರು ಸೇರಿದ್ದಾರೆ. ಮೂರು ತಿಂಗಳ ತರಬೇತಿ ಮುಗಿಸಿ ಗರ್ಭಧಾರಣೆ ಮಾಡುವ ‘ಮೈತ್ರಿ’ ಕಾರ್ಯಕರ್ತರೂ ಬಂದಿದ್ದಾರೆ. ಕೊಟ್ಟಿಗೆಗೆ ಬರುವ ಕೈಗಳು ಹೆಚ್ಚಾಗಿವೆ, ಬಂದದ್ದು ಒಳ್ಳೆಯದೇ. ಯಾವ ಕೈಗೆ ಎಷ್ಟು ದೂರದ ಅನುಮತಿ ಎಂಬುದನ್ನು ರೈತ ಓದಿಕೊಳ್ಳಬಹುದಾದ ಒಂದೇ ಒಂದು ಕನ್ನಡ ಹಾಳೆ ಊರಿನ ಗೋಡೆಗಳ ಮೇಲೆ ನನಗೆ ಕಾಣಲಿಲ್ಲ.

ಯಾರಿಗೆ ಎಷ್ಟು ಅನುಮತಿ ಎಂದು ಬರೆದಿಡುವ ಕೆಲಸ ಬೇರೆ ಕಡೆ ನಡೆದಿದೆ. ಔರಾದದ ಗಡಿ ದಾಟಿದರೆ ಮಹಾರಾಷ್ಟ್ರ. ಅಲ್ಲಿನ ಸರ್ಕಾರ 2009ರಲ್ಲೇ ಸಣ್ಣ ಸೇವೆಗಳ ಅಧಿಸೂಚನೆ ಹೊರಡಿಸಿತು. ಹಿಮಾಚಲ ಪ್ರದೇಶ 2010ರಲ್ಲಿ ಸಹಾಯಕರಿಗಾಗಿಯೇ ಒಂದು ಪರಿಷತ್ತಿನ ಕಾಯ್ದೆ ಮಾಡಿತು. ಬ್ರಿಟನ್ನಿನ 1966ರ ಪಶುವೈದ್ಯ ಕಾಯ್ದೆಯ ಮೂರನೆಯ ಅನುಸೂಚಿ ನೋಂದಾಯಿತ ಪಶು ದಾದಿಯರಿಗೆ ವೈದ್ಯರ ನಿರ್ದೇಶನದಲ್ಲಿ, ದೇಹದ ಕುಹರದೊಳಗೆ ಹೋಗದ ಸಣ್ಣ ಶಸ್ತ್ರಕ್ರಿಯೆಗೆ ಅವಕಾಶ ಕೊಡುತ್ತದೆ. ಕೆನಡಾದ ಒಂಟಾರಿಯೊ 2024ರಲ್ಲಿ ತನ್ನ ಹಳೆಯ ಕಾಯ್ದೆಯ ಜಾಗಕ್ಕೆ ವೈದ್ಯರನ್ನೂ ತಂತ್ರಜ್ಞರನ್ನೂ ಒಂದೇ ಸಂಸ್ಥೆಯ ಅಡಿಯಲ್ಲಿ ತರುವ ಹೊಸ ಕಾಯ್ದೆ ಪಾಸು ಮಾಡಿತು. ಈ ಎಲ್ಲ ಕಡೆ ಮೊದಲು ಕೇಳಿದ ಪ್ರಶ್ನೆ ಒಂದೇ: ಕೆಲಸ ಮಾಡುತ್ತಿರುವವರು ಯಾರು, ಅವರ ಹೆಸರು ಎಲ್ಲಿ ಬರೆದಿದೆ?

ಪದವಿಯ ವೈದ್ಯರಿಗೆ ಒಂದು ಭಯವಿದೆ. ಸಹಾಯಕರಿಗೆ ನೋಂದಣಿ ಕೊಟ್ಟರೆ ನಾಳೆ ಅವರೇ ಬೋರ್ಡು ಹಾಕಿ ಕೂರುತ್ತಾರೆ, ಕಂಡಕಂಡದ್ದಕ್ಕೆಲ್ಲ ಆ್ಯಂಟಿಬಯೋಟಿಕ್ ಹೊಡೆಯುತ್ತಾರೆ ಎಂದು. ಈ ಭಯಕ್ಕೆ ಕಾರಣವಿದೆ. ರಣಹದ್ದುಗಳನ್ನು ಕೊಂದ ಡಿಕ್ಲೋಫೆನಾಕನ್ನು ಜಾನುವಾರಿಗೆ 2006ರಲ್ಲಿ ನಿಷೇಧಿಸಿದರು. ಮನುಷ್ಯರ ದೊಡ್ಡ ಬಾಟಲಿ ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಅದನ್ನು 3 ಮಿಲಿಲೀಟರಿಗೆ ಇಳಿಸಬೇಕಾಯಿತು. 2019ರಲ್ಲಿ ಕೊಲಿಸ್ಟಿನ್, 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ನಿಷೇಧವಾದವು. ಇಷ್ಟೆಲ್ಲ ಆದೇಶಗಳು ದಿಲ್ಲಿಯಿಂದ ಹೊರಟವು. ಔರಾದದ ತಾಂಡಾದಲ್ಲಿ ಚೀಲ ಬಿಚ್ಚುವವನಿಗೆ ಅವು ಮುಟ್ಟಿದವು ಎಂದು ಯಾರು ಖಾತ್ರಿ ಕೊಡುತ್ತಾರೆ? ವೈದ್ಯರಿಗಾದರೆ ಪರಿಷತ್ತಿನ ಕಾಗದ ಹೋಗುತ್ತದೆ. ಪುಸ್ತಕದಲ್ಲಿ ಹೆಸರೇ ಇಲ್ಲದವರಿಗೆ ಕಾಗದ ಯಾವ ವಿಳಾಸಕ್ಕೆ? ಹಾಗಾಗಿ ವೈದ್ಯರ ಭಯವೇ ನೋಂದಣಿ ಬೇಕೆನ್ನಲು ದೊಡ್ಡ ಕಾರಣ. ಹೆಸರು ಬರೆದವನನ್ನು ಕರೆಸಿ ಕೇಳಬಹುದು, ಮರುತರಬೇತಿಗೆ ಕಳುಹಿಸಬಹುದು, ತಪ್ಪಿದರೆ ಹೊಡೆದುಹಾಕಬಹುದು. ಹೆಸರಿಲ್ಲದವನನ್ನು ಏನು ಮಾಡಲೂ ಆಗದು.

ಕೇಂದ್ರದ ಪಶುಸಂಗೋಪನಾ ಇಲಾಖೆ 2024ರಲ್ಲಿ ಜಾನುವಾರು, ಕೋಳಿಗಳ ಪ್ರಮಾಣಿತ ಚಿಕಿತ್ಸಾ ಮಾರ್ಗಸೂಚಿ ಹೊರತಂದಿದೆ. ಕರ್ನಾಟಕ ಅದನ್ನು ಎದುರಿಗಿಟ್ಟುಕೊಂಡು, ಕಲಂ 30 ತನಗೆ ಕೊಟ್ಟಿರುವ ಅಧಿಕಾರದಲ್ಲೇ ಇಂದಿನ ಸಣ್ಣ ಸೇವೆಗಳ ಪಟ್ಟಿಯನ್ನು ಬಿಡಿಸಿ ಬರೆಯಬಹುದು. ಅದಕ್ಕೆ ಸಂಸತ್ತಿನ ತಿದ್ದುಪಡಿಗೆ ಕಾಯಬೇಕಿಲ್ಲ. ಡಿಪ್ಲೊಮಾದವರಿಗೆ ರಾಜ್ಯಮಟ್ಟದ ನೋಂದಣಿ, ನವೀಕರಣಕ್ಕೆ ಮುಂಚೆ ಮರುತರಬೇತಿ, ಫೋನಿನ ನಿರ್ದೇಶನಕ್ಕೆ ಎರಡೂ ಕಡೆ ದಾಖಲೆ, ಪ್ರತಿ ಸೂಜಿಗೂ ಚೀಟಿ. ತರಬೇತಿ ಕೊಡುವ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ. ಆ ತರಬೇತಿಗೆ ಔರಾದದ ಪರೀಕ್ಷಕ 700 ಕಿಲೊಮೀಟರ್ ದೂರದ ಬೆಂಗಳೂರಿಗೆ ಓಡಬೇಕಾಗಬಾರದು. ನಂದಿನಗರದ ಒಂದು ಕೋಣೆಯಲ್ಲಿ ಪರಿಷತ್ತಿನ ಶಾಖೆ ತೆರೆದರೆ ಕಲ್ಯಾಣ ಕರ್ನಾಟಕದ ವೈದ್ಯರಿಗೂ ಸಹಾಯಕರಿಗೂ ಅದೇ ಸಾಕು.

ಸರ್ಕಾರ ಇದನ್ನು ಮಾಡುವವರೆಗೆ ದನ ಕಟ್ಟಿದ ಪ್ರತಿ ಮನೆಯವರಲ್ಲಿ ಒಂದು ವಿನಂತಿ. ಕೊಟ್ಟಿಗೆಗೆ ಬಂದವರು ಯಾರೇ ಇರಲಿ, ಚಹಾ ಕೊಡಿ, ಗೌರವ ಕೊಡಿ. ಆದರೆ ಹಾಕಿದ ಔಷಧದ ಹೆಸರನ್ನು, ತಾರೀಖನ್ನು, ಹಾಲು ಎಷ್ಟು ದಿನ ಡೇರಿಗೆ ಹಾಕಬಾರದು ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅವರ ಮೇಲಿನ ಡಾಕ್ಟರು ಯಾರು, ನಂಬರ್ ಯಾವುದು ಎಂದು ಕೇಳಿ ಬರೆದಿಡಿ. ಎಮ್ಮೆ ಈಯಲು ತ್ರಾಸ ಪಡುತ್ತಿದ್ದು ನೀರ್ಚೀಲ ಕಾಣದಿದ್ದರೆ ಹೊತ್ತು ಕಳೆಯದೆ 1962ಕ್ಕೆ ಫೋನ್ ಮಾಡಿ.